ಹಿತ್ತಲ ಕೊಳದಲ್ಲಿ ಅಲಿಗೇಟರ್: ಫ್ಲಾರಿಡಾದಲ್ಲಿ ಮನೆ ಮಾಡಿದವರಿಗೆ ಹಂತ ಹಂತದ ಮಾರ್ಗದರ್ಶಿ

ಏಪ್ರಿಲ್ ಬಂತು ಅಂದರೆ ಟ್ಯಾಂಪಾ, ಆರ್ಲ್ಯಾಂಡೊ, ಜ್ಯಾಕ್ಸನ್‌ವಿಲ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಫೋಟೋ ಬರಲು ಶುರುವಾಗುತ್ತದೆ. ಹಿತ್ತಲ ಕೊಳ, ದಡದಲ್ಲಿ ಬಿಸಿಲು ಕಾಯಿಸುತ್ತಾ ಬಿದ್ದಿರುವ ಅಲಿಗೇಟರ್ ಅನ್ನುವ ಮೊಸಳೆ ಜಾತಿಯ ಪ್ರಾಣಿ, ಕೆಳಗೆ "ಈಗ ಏನ್ಮಾಡೋದು?" ಅನ್ನುವ ಪ್ರಶ್ನೆ. ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಫೋನ್ ಮಾಡಿ ಹಿಡಿಸಿ ಅನ್ನುವವರು ಒಬ್ಬರು, ಅದು ಏನೂ ಮಾಡಲ್ಲ ಬಿಡಿ ಅನ್ನುವವರು ಇನ್ನೊಬ್ಬರು. ಕೊನೆಗೆ ಯಾರೋ ಬಂದು ಹಿಡಿದುಕೊಂಡು ಹೋಗುತ್ತಾರೆ, ಸ್ವಲ್ಪ ದಿನಕ್ಕೆ ಇನ್ನೊಂದು ಬಂದು ಅದೇ ಜಾಗದಲ್ಲಿ ಮಲಗುತ್ತದೆ, ಮತ್ತೆ ಅದೇ ಫೋಟೋ, ಅದೇ ಪ್ರಶ್ನೆ.

ಎಡವಟ್ಟು ಆಗುತ್ತಿರುವುದು ಕ್ರಮದಲ್ಲಿ. ಎಲ್ಲರೂ ಪ್ರಾಣಿಯಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ನಮ್ಮ ಮನೆಯವರ ಅಭ್ಯಾಸದಿಂದ ಮತ್ತು ನೀರಿನ ಅಂಚಿನಿಂದ. ಫೋನ್ ಕರೆ ಕೊನೆಯ ಕಡೆಗೆ ಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಹೆದರಿ ಮನೆ ಮಾರುವಂಥದ್ದೇನೂ ಇಲ್ಲ. ನಾವು ಕೆಣಕದೆಯೂ ಅದು ಕಚ್ಚಿ, ಆಸ್ಪತ್ರೆಗೆ ಹೋಗಲೇಬೇಕಾದಂಥ ಪ್ರಕರಣಗಳು ಇಡೀ ರಾಜ್ಯದಲ್ಲಿ ವರ್ಷಕ್ಕೆ ಸರಾಸರಿ ಎಂಟರಷ್ಟು. ಆದರೆ ದೊಡ್ಡ ಅನಾಹುತಗಳನ್ನು ನೋಡಿದರೆ ಅದೇ ಒಂದೆರಡು ತಪ್ಪು ಮತ್ತೆ ಮತ್ತೆ ಕಾಣುತ್ತದೆ.

## ಮೊದಲು ಜೋಡಿಸಿಕೊಳ್ಳಬೇಕಾದ್ದು

ಒಂದು ಪ್ರಖರವಾದ ಟಾರ್ಚ್. ಅಳತೆ ಟೇಪು. ಹುಲ್ಲುಹಾಸಿಗೆ ಚುಚ್ಚುವ ಚಿಕ್ಕ ಬಣ್ಣದ ಬಾವುಟಗಳು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. ಮುಚ್ಚಳ ಗಟ್ಟಿಯಾಗಿ ಕೂರುವ ಕಸದ ಡಬ್ಬ. ನಾಯಿ ಇದ್ದರೆ ಆರಡಿಯ ಗಟ್ಟಿ ಬೆಲ್ಟು, ಎಳೆದಷ್ಟೂ ಉದ್ದವಾಗುವಂಥದ್ದು ಬೇಡ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನ ಜೂಮ್ ಸಾಕು.

ಫೋನಿನಲ್ಲಿ ಈ ನಂಬರ್ ಈಗಲೇ ಉಳಿಸಿಕೊಳ್ಳಿ: 866-392-4286. ಇದು ರಾಜ್ಯದ ವನ್ಯಜೀವಿ ಇಲಾಖೆಯ ಅಲಿಗೇಟರ್ ಸಹಾಯವಾಣಿ. ಇಲಾಖೆಯನ್ನು ಇಲ್ಲಿ ಎಲ್ಲರೂ ಎಫ್‌ಡಬ್ಲ್ಯೂಸಿ ಅನ್ನುತ್ತಾರೆ. ಊರಿಂದ ಬಂದಿರುವ ಅಪ್ಪ ಅಮ್ಮನ ಫೋನಿನಲ್ಲೂ ಹಾಕಿಡಿ, ಹಗಲು ಹೊತ್ತು ಮನೆಯಲ್ಲಿರುವವರು ಅವರೇ ಅಲ್ವಾ.

## ಹಂತ 1: ಇದೆ ಅಂದುಕೊಂಡೇ ಶುರು ಮಾಡಿ

ಫ್ಲಾರಿಡಾದ 67 ಕೌಂಟಿಗಳಲ್ಲೂ ಅಲಿಗೇಟರ್ ಇವೆ. ಒಟ್ಟು ಸುಮಾರು 13 ಲಕ್ಷ ಅಂತ ಇಲಾಖೆಯ ಅಂದಾಜು. ಮನೆ ತೋರಿಸುವಾಗ ಏಜೆಂಟ್ "ಲೇಕ್ ವ್ಯೂ" ಅಂದದ್ದು ಬಹಳ ಸಲ ಮಳೆನೀರು ನಿಲ್ಲಿಸಲು ಬಡಾವಣೆಯವರು ತೋಡಿಸಿದ ಹೊಂಡ. ಇಂಥ ಹೊಂಡಗಳು ಪೈಪು, ಕಾಲುವೆಗಳ ಮೂಲಕ ಒಂದಕ್ಕೊಂದು ಸೇರಿರುತ್ತವೆ. ಅದಿಲ್ಲದಿದ್ದರೂ ಅಲಿಗೇಟರ್ ರಾತ್ರಿ ನಡೆದುಕೊಂಡೇ ಒಂದು ಕೊಳದಿಂದ ಇನ್ನೊಂದಕ್ಕೆ ಹೋಗುತ್ತದೆ. "ನಮ್ಮ ಕೊಳದಲ್ಲಿ ಇಲ್ಲ" ಅನ್ನುವ ಮಾತು ಇವತ್ತಿನ ಮಟ್ಟಿಗೆ ನಿಜ ಇರಬಹುದು, ನಾಳೆಗೆ ಅಲ್ಲ. ಎಚ್ಚರಿಕೆಯ ಬೋರ್ಡ್ ಇಲ್ಲ ಅನ್ನುವುದೂ ಅಲಿಗೇಟರ್ ಇಲ್ಲ ಅನ್ನುವುದಕ್ಕೆ ಗುರುತಲ್ಲ.

ರಾಯಚೂರಿನ ಕಡೆ ಕೃಷ್ಣೆಯ ದಡದಲ್ಲಿ ಬೆಳೆದವರಿಗೆ, ದಾಂಡೇಲಿಯಲ್ಲಿ ಕಾಳಿ ನದಿ ನೋಡಿಕೊಂಡು ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ನೀರು ಕಂಡರೆ ಮೊಸಳೆ ಇರಬಹುದು ಅನ್ನುವುದು ಅವರಿಗೆ ಮೈಗೂಡಿದೆ. ಕಷ್ಟ ಇರುವುದು ಬೆಂಗಳೂರಿನಿಂದ ಬಂದ ನಮ್ಮಂಥವರದ್ದು. ನಮಗೆ ಕೆರೆ ಅಂದರೆ ಸುತ್ತ ವಾಕಿಂಗ್ ಮಾಡುವ ಜಾಗ.

ಕತ್ತಲಾದ ಮೇಲೆ ಮನೆಯ ಜಾಲರಿ ಪಡಸಾಲೆಯ ಒಳಗೆ ನಿಂತು, ಟಾರ್ಚನ್ನು ಕೆನ್ನೆಯ ಪಕ್ಕ ಕಣ್ಣಿನ ಮಟ್ಟಕ್ಕೆ ಹಿಡಿದು ನೀರಿನ ಮೇಲೆ ನಿಧಾನವಾಗಿ ಹಾಯಿಸಿ. ಬೆಳಕು ಬಿದ್ದ ಕಡೆ ಕೆಂಡದ ಚುಕ್ಕಿಯಂತೆ ಕೆಂಪಗೆ ಹೊಳೆದರೆ ಅದು ಅಲಿಗೇಟರ್ ಕಣ್ಣು. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಆ ಹೊಳಪು ನಿಮ್ಮ ಕಣ್ಣಿಗೆ ವಾಪಸ್ ಬರುವುದಿಲ್ಲ. ಬಹಳ ಜನ ನೋಡಿ "ಏನೂ ಇಲ್ಲ" ಅನ್ನುವುದು ಇದರಿಂದಲೇ.

ಹಗಲಿನಲ್ಲಿ ದಡ ನೋಡಿ. ಹುಲ್ಲು ಒಂದೇ ಕಡೆ ಮಲಗಿ, ಕೆಸರು ನುಣ್ಣಗೆ ಜಾರಿ ನೀರಿಗೆ ಇಳಿದಿದ್ದರೆ ಅದು ದಿನಾ ಹತ್ತಿ ಇಳಿಯುವ ಜಾಗ. ನೀರಿನಲ್ಲಿ ಮರದ ತುಂಡಿನಂತೆ ಕಂಡರೆ ಎರಡು ಉಬ್ಬು ಹುಡುಕಿ, ಮುಂದೆ ಮೂಗು, ಹಿಂದೆ ಕಣ್ಣು. ಈ ಎರಡರ ನಡುವೆ ಎಷ್ಟು ಇಂಚು ಇದೆಯೋ ಪ್ರಾಣಿ ಹೆಚ್ಚುಕಡಿಮೆ ಅಷ್ಟು ಅಡಿ ಉದ್ದ. ಮೂಗಿನಿಂದ ಕಣ್ಣಿಗೆ ಎಂಟು ಇಂಚು ಕಂಡರೆ ಅದು ಎಂಟಡಿಯ ಪ್ರಾಣಿ. ಈ ಅಂದಾಜು ಹಂತ 7ರಲ್ಲಿ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

## ಹಂತ 2: ತಿನ್ನಿಸುವುದು ಪೂರ್ತಿ ನಿಲ್ಲಲಿ

ಇದನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲ ದಂಡ.

ಅಲಿಗೇಟರ್‌ಗೆ ಸಹಜವಾಗಿ ಮನುಷ್ಯರ ಭಯ ಇದೆ. ನಾವು ಹತ್ತಿರ ಹೋದರೆ ಅದು ನೀರಿಗೆ ಜಾರಿಕೊಳ್ಳಬೇಕು. ಯಾರೋ ಒಬ್ಬರು ಬ್ರೆಡ್ಡು, ಕೋಳಿ ಚೂರು ಎಸೆಯಲು ಶುರು ಮಾಡಿದರೆ ಆ ಭಯ ಹೋಗಿ, ದಡಕ್ಕೆ ಮನುಷ್ಯ ಬಂದ ಅಂದರೆ ಊಟ ಬಂತು ಅಂತ ಅದಕ್ಕೆ ಅಭ್ಯಾಸವಾಗುತ್ತದೆ. ಆಮೇಲೆ ದಡಕ್ಕೆ ಹೋಗುವುದು ನಿಮ್ಮ ಮಗು. ಅದಕ್ಕೇ ಫ್ಲಾರಿಡಾದಲ್ಲಿ ಅಲಿಗೇಟರ್‌ಗೆ ತಿನ್ನಿಸುವುದು ಕಾನೂನಿನ ಪ್ರಕಾರ ಅಪರಾಧ.

"ನಾವೇನು ಮೊಸಳೆಗೆ ಹಾಕುತ್ತೇವಾ?" ಅಂತ ಕೇಳುತ್ತೀರಿ. ಹಾಕುವುದು ಮೀನಿಗೆ, ಬಾತುಕೋಳಿಗೆ, ಆಮೆಗೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಅಭ್ಯಾಸ ಇರುವ ಅಮ್ಮ ಇಲ್ಲಿ ಮಿಕ್ಕಿದ ಚಪಾತಿ ಹಿಡಿದು ಕೊಳದ ಹತ್ತಿರ ಹೋಗುತ್ತಾರೆ. ಚಪಾತಿಗೆ ಮೀನು, ಆಮೆ ಸೇರುತ್ತವೆ, ಮೀನು ಆಮೆ ಸೇರಿದ ಕಡೆಗೆ ಅಲಿಗೇಟರ್ ಬರುತ್ತದೆ. ಬರೀ "ಬೇಡ" ಅಂದರೆ ಹಿರಿಯರು ನೀವು ಇಲ್ಲದಾಗ ಹಾಕುತ್ತಾರೆ. ಈ ಸಾಲು ಹೀಗೆ ಒಂದರ ಹಿಂದೆ ಒಂದು ಬರುತ್ತದೆ ಅಂತ ಬಿಡಿಸಿ ಹೇಳಿ, ಬೇಕಾದರೆ ಮನೆ ಮುಂದೆ ರಸ್ತೆ ಕಡೆಗೆ ಹಕ್ಕಿಗೆ ಕಾಳು ಹಾಕುವ ಡಬ್ಬ ತೂಗುಹಾಕಿ ಕೊಡಿ.

ಮೀನು ಹಿಡಿಯುವ ಹವ್ಯಾಸ ಇದ್ದರೆ ಕರುಳು, ತಲೆ, ಮಿಕ್ಕ ಎರೆ ಯಾವುದನ್ನೂ ನೀರಿಗೆ ಎಸೆಯಬೇಡಿ, ಡಬ್ಬಕ್ಕೆ ಹಾಕಿ ಮುಚ್ಚಿ. ಪೂಜೆಯ ಹೂವು, ನೈವೇದ್ಯವೂ ಕೊಳಕ್ಕೆ ಬೇಡ.

ಗಣೇಶನ ವಿಸರ್ಜನೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಬ್ಬ ಬರುವುದು ಆಗಸ್ಟ್ ಕೊನೆ ಇಲ್ಲವೇ ಸೆಪ್ಟೆಂಬರಿನಲ್ಲಿ. ಅಲಿಗೇಟರ್ ಮರಿಗಳು ಮೊಟ್ಟೆ ಒಡೆದು ಬರುವುದೂ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಶುರುವಿನೊಳಗೆ, ತಾಯಿ ಪಕ್ಕದಲ್ಲೇ ಕಾವಲಿರುತ್ತದೆ. ಅಂಥ ಹೊತ್ತಿನಲ್ಲಿ ಸಂಜೆಗತ್ತಲಲ್ಲಿ, ಮೊಣಕಾಲವರೆಗೆ ನೀರಿಗಿಳಿದು, ಮಕ್ಕಳನ್ನೂ ಕಟ್ಟಿಕೊಂಡು ಮೂರು ಸಲ ಮುಳುಗಿಸಿ ಎತ್ತುವುದು ಎಷ್ಟು ತಪ್ಪನ್ನು ಒಟ್ಟಿಗೆ ಮಾಡಿದಂತೆ ಅಂತ ನೀವೇ ಲೆಕ್ಕ ಹಾಕಿ. ಮಣ್ಣಿನ ಗಣಪನನ್ನು ಬಕೆಟ್ಟಿನಲ್ಲಿ ಬಿಡಿ, ಕರಗಿದ ಮೇಲೆ ತುಳಸಿ ಗಿಡಕ್ಕೆ ಹಾಕಿ.

ನಿಮ್ಮ ಪಕ್ಕದ ಮನೆಯವರು ತಿನ್ನಿಸುತ್ತಿದ್ದರೆ? ನೀವು ಎಷ್ಟು ಹುಷಾರಾಗಿದ್ದರೂ ಪ್ರಯೋಜನ ಇಲ್ಲ. ಒಂದು ಸಲ ಒಳ್ಳೆಯ ಮಾತಿನಲ್ಲಿ ಹೇಳಿ. ಕೇಳದಿದ್ದರೆ ಮನೆಮಾಲೀಕರ ಸಂಘಕ್ಕೂ ಇಲಾಖೆಗೂ ತಿಳಿಸಿ. ಇದರಲ್ಲಿ ದಾಕ್ಷಿಣ್ಯ ನೋಡಬೇಡಿ.

## ಹಂತ 3: ನೀರಿನಂಚಿಗೆ ಒಂದು ಗೆರೆ ಹಾಕಿ

ಅಲಿಗೇಟರ್ ಅಟ್ಟಿಸಿಕೊಂಡು ಬೇಟೆಯಾಡುವ ಪ್ರಾಣಿ ಅಲ್ಲ. ನೀರಿನೊಳಗೆ ಅಲ್ಲಾಡದೆ ಕಾದು, ಅಂಚಿಗೆ ಬಂದದ್ದನ್ನು ಒಂದೇ ನೆಗೆತಕ್ಕೆ ಹಿಡಿಯುತ್ತದೆ. ಮನೆಯವರನ್ನೂ ನಾಯಿಯನ್ನೂ ಆ ನೆಗೆತದ ಅಳತೆಯಿಂದ ಆಚೆ ಇಟ್ಟರೆ ಮುಕ್ಕಾಲು ಕೆಲಸ ಮುಗಿಯಿತು.

ನೀರು ಮುಗಿಯುವ ಕಡೆಯಿಂದ 15 ಅಡಿ ಅಳೆದು ಹುಲ್ಲಿನಲ್ಲಿ ಸಾಲಾಗಿ ಬಾವುಟ ಚುಚ್ಚಿ. 15 ಅನ್ನುವುದು ನಾನು ಹೇಳುತ್ತಿರುವ ಅಳತೆ. ಜಾಗ ಇದ್ದರೆ ಇನ್ನೂ ಜಾಸ್ತಿ ಇಡಿ. ಮಳೆಗಾಲದಲ್ಲಿ ನೀರು ಏರುತ್ತದೆ, ಆಗ ಬಾವುಟಗಳನ್ನು ಮೇಲಕ್ಕೆ ಸರಿಸಿ. ಮಕ್ಕಳಿಗೆ "ಕೊಳದ ಹತ್ತಿರ ಹೋಗಬೇಡ" ಅಂದರೆ ಹತ್ತಿರ ಅಂದರೆ ಎಷ್ಟು ಅಂತ ಅವರಿಗೆ ಗೊತ್ತಾಗುವುದಿಲ್ಲ. "ಬಾವುಟ ದಾಟಬೇಡ" ಅಂದರೆ ನಾಲ್ಕು ವರ್ಷದ ಮಗುವಿಗೂ ಗೊತ್ತಾಗುತ್ತದೆ.

ಗೆರೆ ಮುರಿಯುವುದು ಸಾಮಾನ್ಯವಾಗಿ ಕ್ರಿಕೆಟ್ಟಿನಿಂದ. ಹಿತ್ತಲಲ್ಲಿ ಆಡುತ್ತಾರೆ, ಚೆಂಡು ಉರುಳಿ ನೀರಿನಂಚಿಗೆ ಹೋಗುತ್ತದೆ, ಒಬ್ಬ ಹುಡುಗ ಚಪ್ಪಲಿ ಬಿಟ್ಟು ಇಳಿಯುತ್ತಾನೆ. ಬಗ್ಗಿ ನೀರಿಗೆ ಕೈ ಚಾಚಿದ ಹುಡುಗ ಅಲಿಗೇಟರ್ ಕಣ್ಣಿಗೆ ಚಿಕ್ಕ ಪ್ರಾಣಿ. ನಿಯಮ ಒಂದೇ ಇರಲಿ: ನೀರಿಗೆ ಹೋದ ಚೆಂಡು ಹೋಯಿತು. ಮನೆಯಲ್ಲಿ ಒಂದು ಡಜನ್ ಚೆಂಡು ತಂದಿಡಿ, ಆಗ ಆಸೆಯೇ ಬರುವುದಿಲ್ಲ. ಬಕೆಟ್ಟಿನಲ್ಲಿ ಕೊಳದ ನೀರು ಮೊಗೆದು ಕರಿಬೇವಿನ ಗಿಡಕ್ಕೆ ಹಾಕುವವರಿಗೂ, ದಡಕ್ಕೆ ಬೆನ್ನು ಹಾಕಿ ಕಳೆ ಕೀಳುವವರಿಗೂ ಇದೇ ಮಾತು.

2016ರ ಜೂನ್‌ನಲ್ಲಿ ಆರ್ಲ್ಯಾಂಡೊ ಬಳಿಯ ಡಿಸ್ನಿ ರೆಸಾರ್ಟ್ ಒಂದರಲ್ಲಿ ಎರಡು ವರ್ಷದ ಮಗುವನ್ನು ಅಲಿಗೇಟರ್ ಎಳೆದುಕೊಂಡು ಹೋಯಿತು. ಮಗು ಉಳಿಯಲಿಲ್ಲ. ಮಗು ಈಜುತ್ತಿರಲಿಲ್ಲ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿತ್ತು. ರಾತ್ರಿ ಒಂಬತ್ತರ ಸುಮಾರು, ಅಪ್ಪ ಹತ್ತಿರದಲ್ಲೇ ಇದ್ದರು. ಈಜಬೇಡಿ ಅನ್ನುವ ಬೋರ್ಡ್ ಇತ್ತು, ಅಲಿಗೇಟರ್ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆ ಕೊಳವೂ ಮನುಷ್ಯರೇ ತೋಡಿದ್ದು. "ನಾನು ಪಕ್ಕದಲ್ಲೇ ಇರ್ತೀನಲ್ಲ" ಅನ್ನುವುದು ಯಾಕೆ ಸಾಲದು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಬೇಲಿ ಹಾಕಿಸುವುದಾದರೆ ಮೊದಲು ಸಂಘದ ಒಪ್ಪಿಗೆ ಪಡೆಯಿರಿ. ಐದಡಿ ಎತ್ತರ, ಕಿರಿದಾದ ಕಣ್ಣಿನ ಬಲೆ, ಮೇಲ್ತುದಿ ಹೊರಗೆ ಬಾಗಿರಬೇಕು. ಸಾದಾ ತಂತಿ ಬಲೆ ಬೇಲಿಯನ್ನು ಅಲಿಗೇಟರ್ ಹತ್ತಿಬಿಡುತ್ತದೆ. ಈಜುಕೊಳದ ಸುತ್ತಲ ಜಾಲರಿ ಕೀಟ ತಡೆಯಲು ಇರುವುದು, ಅದನ್ನು ಹರಿದುಕೊಂಡು ಒಳಗೆ ಬಂದ ಅಲಿಗೇಟರ್‌ಗಳು ಎಷ್ಟೋ ಇವೆ. ಬೆಳಿಗ್ಗೆ ನೀರಿಗೆ ಧುಮುಕುವ ಮೊದಲು ಒಂದು ಸುತ್ತು ನೋಡಿ.

## ಹಂತ 4: ಗಡಿಯಾರ, ಕ್ಯಾಲೆಂಡರ್ ಎರಡನ್ನೂ ನೋಡಿ

ಸಂಜೆ ಕತ್ತಲಾಗುವ ಹೊತ್ತಿನಿಂದ ಬೆಳಕು ಹರಿಯುವವರೆಗೆ ಅಲಿಗೇಟರ್ ಚುರುಕಾಗಿರುತ್ತದೆ. ನಮ್ಮವರು ವಾಕಿಂಗ್ ಹೊರಡುವುದೂ ಅದೇ ಹೊತ್ತಿಗೆ. ಹಗಲಿನ ಸೆಕೆಗೆ ಹೊರಗೆ ಕಾಲಿಡಲಾಗದೆ, ಊಟ ಮುಗಿಸಿ ಎಂಟೂವರೆಗೆ ಕೊಳದ ಸುತ್ತ ಒಂದು ರೌಂಡ್. ಇದನ್ನು ಬದಲಿಸಿ. ಬೆಳಿಗ್ಗೆ ಪೂರ್ತಿ ಬೆಳಕಾದ ಮೇಲೆ ಕೊಳದ ದಾರಿ, ಸಂಜೆಗೆ ರಸ್ತೆ ಪಕ್ಕದ ಕಾಲುದಾರಿ. ಈಜುವುದಿದ್ದರೆ ಅದಕ್ಕೆಂದೇ ಗುರುತು ಮಾಡಿದ ಜಾಗದಲ್ಲಿ, ಹಗಲಿನಲ್ಲಿ ಮಾತ್ರ.

ಚಳಿಯಲ್ಲಿ ಅದು ಮಂಕಾಗಿರುತ್ತದೆ. 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೆಚ್ಚುಕಡಿಮೆ ಜಡ. ಆದರೆ ಫ್ಲಾರಿಡಾದ ಚಳಿಗಾಲದಲ್ಲೂ ಬೆಚ್ಚನೆಯ ದಿನಗಳು ಬೇಕಾದಷ್ಟು, ಹಾಗಾಗಿ ಜನವರಿ ಅಂತ ಮೈಮರೆಯಬೇಡಿ.

ಏಪ್ರಿಲ್‌ನಿಂದ ಜೂನ್‌ವರೆಗೆ ಜೊತೆ ಹುಡುಕುವ ಕಾಲ. ಗಂಡುಗಳು ಊರೂರು ಅಲೆಯುತ್ತವೆ, ರಸ್ತೆ, ಗ್ಯಾರೇಜು, ಅಂಗಳ ಎಲ್ಲೆಂದರಲ್ಲಿ ಕಾಣುತ್ತವೆ. ಜೂನ್ ಕೊನೆ, ಜುಲೈ ಶುರುವಿಗೆ ಹೆಣ್ಣು ಹುಲ್ಲು, ಮಣ್ಣು, ಕಡ್ಡಿ ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆಯಿಡುತ್ತದೆ. ದಡದಲ್ಲಿ ಅಂಥ ಗುಡ್ಡೆ ಕಂಡರೆ ಬಂದ ದಾರಿಯಲ್ಲೇ ಹಿಂದೆ ಬನ್ನಿ. ಒಂದು ಗೇಣಿನಷ್ಟು ಉದ್ದ, ಕಪ್ಪು ಮೈಮೇಲೆ ಹಳದಿ ಪಟ್ಟೆ ಇರುವ ಮರಿಗಳು ಕಂಡರೂ ಅಷ್ಟೇ. ಮುದ್ದಾಗಿದೆ ಅಂತ ಎತ್ತಿಕೊಳ್ಳುವುದು ಕಾನೂನಿಗೂ ವಿರುದ್ಧ, ತಾಯಿಗೂ ವಿರುದ್ಧ.

## ಹಂತ 5: ನಾಯಿ

2023ರ ಫೆಬ್ರವರಿಯಲ್ಲಿ ಫೋರ್ಟ್ ಪಿಯರ್ಸ್‌ನ ನಿವೃತ್ತರ ಬಡಾವಣೆಯೊಂದರಲ್ಲಿ 85 ವರ್ಷದ ಮಹಿಳೆ ಕೊಳದ ಪಕ್ಕ ನಾಯಿ ಕರೆದುಕೊಂಡು ಹೋಗುತ್ತಿದ್ದರು. ಹತ್ತಡಿಗೂ ಉದ್ದದ ಅಲಿಗೇಟರ್ ನಾಯಿಗೆ ಎರಗಿತು. ಪ್ರಾಣ ಹೋದದ್ದು ಆ ಅಜ್ಜಿಯದು.

ನಾಯಿಯ ಗಾತ್ರ, ಓಡಾಟ ಎಲ್ಲ ಅಲಿಗೇಟರ್‌ನ ಸಹಜ ಬೇಟೆಯ ಹಾಗೇ ಇರುತ್ತದೆ. ಅದಕ್ಕೆ ಕೊಳದ ನೀರು ಕುಡಿಸಬೇಡಿ, ಇಳಿಯಲು ಬಿಡಬೇಡಿ. ಬೆಲ್ಟಿನ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬರೀ ಹಿಡಿದುಕೊಳ್ಳಿ. ಅಲಿಗೇಟರ್ ನಾಯಿಯನ್ನು ಹಿಡಿದರೆ ಹಗ್ಗ ಬಿಟ್ಟು ಹಿಂದೆ ಸರಿಯಿರಿ. ಕೇಳಲು ಕಲ್ಲುಮನಸ್ಸಿನ ಮಾತು, ಗೊತ್ತು. ನೀರಿನಂಚಿನಲ್ಲಿ ಆ ಎಳೆದಾಟ ನೀವು ಗೆಲ್ಲುವಂಥದ್ದಲ್ಲ.

## ಹಂತ 6: ಎದುರಾದರೆ

ಕನಿಷ್ಠ 60 ಅಡಿ ದೂರ ಇರಲಿ. ಅದಕ್ಕಿಂತ ಹತ್ತಿರ ಸಿಕ್ಕಿಬಿದ್ದರೆ ಮುಖ ಅದರ ಕಡೆಗೇ ಇಟ್ಟುಕೊಂಡು ನಿಧಾನವಾಗಿ ಹಿಂದೆ ಹೆಜ್ಜೆ ಹಾಕಿ. ಅದಕ್ಕೂ ನೀರಿಗೂ ನಡುವೆ ನಿಲ್ಲಬೇಡಿ, ಹೆದರಿದಾಗ ಅದು ಓಡುವುದು ನೀರಿಗೆ.

ಬಾಯಿ ತೆರೆದು ಸುಮ್ನೆ ಬಿಸಿಲಿನಲ್ಲಿ ಮಲಗಿದ್ದರೆ ಅದು ಮೈಯ ಬಿಸಿ ಇಳಿಸಿಕೊಳ್ಳುತ್ತಿದೆ, ಅಷ್ಟೇ. ನಿಮ್ಮ ಕಡೆ ತಿರುಗಿ ಬಾಯಿ ತೆರೆದು ಬುಸ್ ಅಂದರೆ ಮಾತ್ರ ಅದು ಎಚ್ಚರಿಕೆ, ನೀವು ಆಗಲೇ ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. ಇನ್ನೂ ಕೆಟ್ಟ ಗುರುತು ಒಂದಿದೆ: ನೀವು ದಡಕ್ಕೆ ಬಂದ ಕೂಡಲೇ ನೀರಿನಲ್ಲಿದ್ದದ್ದು ದೂರ ಹೋಗುವ ಬದಲು ನಿಮ್ಮ ಕಡೆಗೇ ಈಜಿ ಬರುವುದು. ಅದಕ್ಕೆ ಯಾರೋ ತಿನ್ನಿಸುತ್ತಿದ್ದಾರೆ. ಅವತ್ತೇ ಫೋನ್ ಮಾಡಿ.

ಅಟ್ಟಿಸಿಕೊಂಡು ಬಂದರೆ ನೀರಿನಿಂದ ದೂರಕ್ಕೆ ನೇರವಾಗಿ ಓಡಿ. ಅಡ್ಡಾದಿಡ್ಡಿ ಓಡಬೇಕು ಅನ್ನುವುದು ಸುಳ್ಳು. ನೆಲದ ಮೇಲೆ ಅದು ಸ್ವಲ್ಪ ದೂರಕ್ಕೇ ದಣಿಯುತ್ತದೆ, ನೀವು ಸುತ್ತಿ ಬಳಸಿ ಓಡಿದಷ್ಟೂ ಅದರ ಹತ್ತಿರವೇ ಇರುತ್ತೀರಿ.

ಹಿಡಿದೇಬಿಟ್ಟರೆ ಸತ್ತಂತೆ ಬಿದ್ದಿರಬೇಡಿ. ಕೂಗಿ, ಒದೆಯಿರಿ, ಮೂಗಿನ ತುದಿಗೆ ಗುದ್ದಿ, ಕಣ್ಣಿಗೆ ಬೆರಳು ಚುಚ್ಚಿ. ಬೇಟೆ ಸುಲಭ ಅಲ್ಲ ಅನ್ನಿಸಿದರೆ ಬಿಡುವುದುಂಟು. ಹಿಡಿತ ಬದಲಿಸಲು ಬಾಯಿ ಸಡಿಲಿಸಿದ ಕ್ಷಣದಲ್ಲಿ ಕಿತ್ತುಕೊಂಡು ಬನ್ನಿ. ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಮಾಡಿ. ಗಾಯ ಚಿಕ್ಕದಿದ್ದರೂ ಅರಿಶಿನ ಹಚ್ಚಿ ಮನೆಯಲ್ಲಿ ಕೂರಬೇಡಿ, ಅದರ ಬಾಯಿಯ ಬ್ಯಾಕ್ಟೀರಿಯಾದಿಂದ ಕೆಟ್ಟ ಸೋಂಕು ಆಗುತ್ತದೆ.

## ಹಂತ 7: ಈಗ ಫೋನ್

ಸಹಾಯವಾಣಿಯವರು ಮೊದಲು ಕೇಳುವುದು ಉದ್ದ. ನಾಲ್ಕಡಿ ಅಥವಾ ಅದಕ್ಕಿಂತ ದೊಡ್ಡದಿದ್ದು, ಜನರಿಗೋ ಸಾಕುಪ್ರಾಣಿಗೋ ಆಸ್ತಿಗೋ ಅಪಾಯ ಅಂತ ನಿಮಗೆ ಅನ್ನಿಸಿದರೆ ಅದು ತೊಂದರೆಯ ಅಲಿಗೇಟರ್ ಲೆಕ್ಕಕ್ಕೆ ಬರುತ್ತದೆ. ಬರೀ ಕಾಣಿಸಿತು ಅನ್ನುವುದು ಕಾರಣ ಅಲ್ಲ. ನಾಲ್ಕಡಿಗಿಂತ ಚಿಕ್ಕದು ಸಾಮಾನ್ಯವಾಗಿ ಹೊಸ ಜಾಗ ಹುಡುಕಿಕೊಂಡು ಬಂದದ್ದಾಗಿರುತ್ತದೆ, ತಾನಾಗೇ ಹೋಗುತ್ತದೆ.

ಇಷ್ಟು ಮಾಹಿತಿ ಕೈಯಲ್ಲಿರಲಿ: ಅಂದಾಜು ಉದ್ದ, ಕಂಡ ಜಾಗ ಮತ್ತು ಹೊತ್ತು, ಅದರ ವರ್ತನೆ, ಕೊಳ ಯಾರ ಹೆಸರಿನಲ್ಲಿದೆ. ಬಹಳ ಕರೆಗಳು ಒದ್ದಾಡುವುದು ಕೊನೆಯದರಲ್ಲೇ. ಹಿತ್ತಲ ಕೊಳ ನಿಮ್ಮದಲ್ಲ, ಸಂಘದ್ದೋ ಬಡಾವಣೆಯ ಸಂಸ್ಥೆಯದ್ದೋ ಆಗಿರುತ್ತದೆ. ಆ ಜಾಗಕ್ಕೆ ಕಾಲಿಡಲು ಅವರ ಒಪ್ಪಿಗೆ ಬೇಕು. ಸಂಘದ ಮ್ಯಾನೇಜರ್ ನಂಬರ್ ಮೊದಲೇ ಇಟ್ಟುಕೊಂಡು, ಒಪ್ಪಿಗೆಗೆ ಬೇಗ ಬರೆಸಿ.

ಒಪ್ಪಿಗೆ ಸಿಕ್ಕರೆ ಇಲಾಖೆ ಗುತ್ತಿಗೆಯ ಟ್ರ್ಯಾಪರ್‌ನನ್ನು, ಅಂದರೆ ಅಲಿಗೇಟರ್ ಹಿಡಿಯುವವನನ್ನು ಕಳಿಸುತ್ತದೆ, ನೀವು ಹಣ ಕೊಡಬೇಕಾಗಿಲ್ಲ. ಹಿಡಿದದ್ದನ್ನು ದೂರದ ಕಾಡಿಗೆ ಬಿಡುತ್ತಾರೆ ಅಂದುಕೊಂಡು ಕರೆ ಮಾಡುವವರು ಜಾಸ್ತಿ. ಸಾಮಾನ್ಯವಾಗಿ ಕೊಲ್ಲುತ್ತಾರೆ. ಬೇರೆ ಕಡೆ ಬಿಟ್ಟರೆ ವಾಪಸ್ ಹಳೆಯ ಜಾಗಕ್ಕೇ ಬರಲು ನೋಡುತ್ತದೆ, ದಾರಿಯಲ್ಲಿ ಇನ್ನೊಬ್ಬರಿಗೆ ತೊಂದರೆ. ಕರೆ ಮಾಡುವ ಮೊದಲು ಇದು ಗೊತ್ತಿರಲಿ. ನಿಜವಾದ ಅಪಾಯ ಇದ್ದರೆ ಹಿಂಜರಿಯಬೇಡಿ, ಫೋಟೋ ನೋಡಿ ಬೇಜಾರಾಯಿತು ಅಂತ ಮಾತ್ರ ಕರೆ ಮಾಡಬೇಡಿ. ಕೊಳ ಖಾಲಿಯಾದರೆ, ತಿನ್ನಿಸುವವರು ಹಾಗೇ ಇದ್ದರೆ, ಬೇರೊಂದು ಬರುತ್ತದೆ.

ನೀವೇ ಹಗ್ಗ ಹಾಕಿ ಹಿಡಿಯುವುದು, ಕಲ್ಲು ಹೊಡೆದು ಓಡಿಸುವುದು ಎರಡೂ ಬೇಡ. ಪರವಾನಗಿ ಇಲ್ಲದೆ ಅಲಿಗೇಟರ್ ಹಿಡಿಯುವುದು, ಕೊಲ್ಲುವುದು, ಕಾಡಿಸುವುದು ಅಪರಾಧ.

## ಹಂತ 8: ಚಂಡಮಾರುತದ ನಂತರ

ನೀರು ಏರಿದಾಗ ನಿಮ್ಮ 15 ಅಡಿ ಗೆರೆ ಅಳಿಸಿಹೋಗಿರುತ್ತದೆ. ಕೊಳ, ಚರಂಡಿ, ರಸ್ತೆ ಎಲ್ಲ ಒಂದೇ ನೀರು. ಅದರಲ್ಲಿ ಕಾಲಿಟ್ಟು ನಡೆಯಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ. ಗ್ಯಾರೇಜಿನ ಬಾಗಿಲು ಮುಚ್ಚಿರಲಿ. ನೀರು ಇಳಿದ ಮೇಲೆ ಹೊರಗೆ ಹೋಗುವ ಮೊದಲು ಕಾರಿನ ಕೆಳಗೆ, ಪೊದೆಯ ಹಿಂದೆ, ಎಸಿ ಘಟಕದ ಪಕ್ಕ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಟೇಪು ಹಿಡಿದು ಹೊಸ ನೀರಿನಂಚಿನಿಂದ ಮತ್ತೆ ಅಳೆದು ಬಾವುಟ ಚುಚ್ಚಿ.